ಬೋರು, ಬಿಲ್ಲು, ಪಾವು

ಪಾವಗಡ ತಾಲೂಕಿನ ಹಳ್ಳಿಯೊಂದರಲ್ಲಿ ನಿಂತು 'ಬೋರ್ ಆಯ್ತಾ?' ಎಂದು ಕೇಳಿದರೆ ಯಾರೂ ಆಕಳಿಸುವುದಿಲ್ಲ. ಗಾಡಿ ಯಾವಾಗ ಬಂತು, ಪಾಯಿಂಟು ತೋರಿಸಿದವರು ಯಾರು, ಎಷ್ಟು ಅಡಿಗೆ ಹೋಯಿತು, ಕೇಸಿಂಗ್ ಎಷ್ಟು ಇಳಿಸಿದರು, ಎಷ್ಟು ಇಂಚು ನೀರು ಬಿತ್ತು ಎಂಬ ಲೆಕ್ಕವೆಲ್ಲ ಹೊರಗೆ ಬರುತ್ತದೆ. ಅದೇ ಮಾತನ್ನು ಅದೇ ಮನೆಯ ಕಾಲೇಜು ಹುಡುಗನನ್ನು ಕೇಳಿದರೆ ಮಧ್ಯಾಹ್ನದ ಕ್ಲಾಸಿನ ಮೇಲೆ ದೂರು ಶುರುವಾಗುತ್ತದೆ. ಅಪ್ಪನ ಬೋರು ನೆಲದ ಕೆಳಗೆ, ಮಗನ ಬೋರು ತಲೆಯ ಒಳಗೆ. ಇಬ್ಬರೂ ಆಡಿದ್ದು ಇಂಗ್ಲಿಷಿನದೇ ಪದ, ಅಕ್ಷರಗಳೂ ಅವೇ. ಆದರೆ ಅವು ಒಂದೇ ಪದದ ಎರಡು ಅರ್ಥಗಳಲ್ಲ, ಎರಡು ಬೇರೆ ಬೇರೆ ಪದಗಳು.

ನೆಲ ಕೊರೆಯುವ ಬೋರ್ ಹಳೆಯ ಇಂಗ್ಲಿಷಿನದು. ಸಾವಿರ ವರ್ಷಗಳ ಹಿಂದೆಯೇ ಅಲ್ಲಿನವರು ತೂತು ಕೊರೆಯುವುದಕ್ಕೆ ಬೋರಿಯನ್ ಎನ್ನುತ್ತಿದ್ದರು. ಬೇಸರದ ಬೋರ್ ತೀರ ಈಚಿನದು. 18ನೇ ಶತಮಾನದ ಇಂಗ್ಲೆಂಡಿನ ಮೇಲ್ವರ್ಗದವರ ಮಾತಿನಲ್ಲಿ ಅದು ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತು. ಎಲ್ಲಿಂದ ಬಂತೆಂದು ನಿಘಂಟುಕಾರರಿಗೆ ಇವತ್ತಿಗೂ ಪತ್ತೆಯಾಗಿಲ್ಲ. ಮೂರನೆಯ ಬೋರ್ ನೀರಿನದು. ಸಮುದ್ರದ ಉಬ್ಬರ ಎತ್ತರದ ಅಲೆಯಾಗಿ ನದಿಯ ಬಾಯಿಂದ ಒಳಕ್ಕೆ ನುಗ್ಗುವುದಕ್ಕೆ ಆ ಹೆಸರು. ಬಂಗಾಳದ ಹೂಗ್ಲಿಯಲ್ಲಿ ಅದನ್ನು ಕಾಣಬಹುದು. ಉತ್ತರ ಯೂರೋಪಿನ ನಾವಿಕರ ನಾರ್ಸ್ ಭಾಷೆಯಲ್ಲಿ ಅಲೆಗಿದ್ದ 'ಬಾರ' ಎಂಬ ಹೆಸರೇ ಇದರ ಮೂಲವಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ನಾಲ್ಕನೆಯದು ಹೊರುವುದು ಎಂಬರ್ಥದ 'ಬೇರ್' ಕ್ರಿಯಾಪದದ ಭೂತಕಾಲ. ಆ ಬೇರ್‌ಗೂ ಕರಡಿ ಎಂಬ ಬೇರ್‌ಗೂ ಮತ್ತೆ ನಂಟಿಲ್ಲ. ಮಧುಗಿರಿ, ಪಾವಗಡದ ಗುಡ್ಡಗಳಲ್ಲಿ ಕರಡಿಗೆ ಬರವಿಲ್ಲವಾದ್ದರಿಂದ ಇಲ್ಲಿನ ಮಕ್ಕಳಿಗೆ ಮೊದಲು ನೆನಪಿಗೆ ಬರುವುದು ಪ್ರಾಣಿಯೇ. ಇಷ್ಟು ಸಾಲದೆಂಬಂತೆ ಇದೇ ಸೀಮೆಯಲ್ಲಿ ಬೋರಯ್ಯ, ಬೋರಮ್ಮ, ಬೋರೇಗೌಡ ಎಂಬ ಹೆಸರಿನವರು ಕೊಳವೆ ಬಾವಿ ಬರುವುದಕ್ಕಿಂತ ಎಷ್ಟೋ ತಲೆಮಾರು ಹಿಂದಿನಿಂದ ಇದ್ದಾರೆ.

ಬೋರ್‌ವೆಲ್ ಎಂಬುದರ ಇನ್ನರ್ಧವೂ ಇದೇ ಜಾತಿಯದು. ವೆಲ್ ಎಂದರೆ ಬಾವಿ. ವೆಲ್ ಎಂದರೆ ಚೆನ್ನಾಗಿ. ಹಳೆಯ ಇಂಗ್ಲಿಷಿನಲ್ಲಿ ಬಾವಿಗೂ ಊಟೆಗೂ 'ವೆಲ್ಲ' ಎಂಬಂಥ ರೂಪ, ಚೆನ್ನಾಗಿ ಎಂಬುದಕ್ಕೆ 'ವೆಲ್' ಎಂಬ ರೂಪ ಬೇರೆಯಾಗಿಯೇ ಇದ್ದವು. ಕೊನೆಯ ಸ್ವರ ಉದುರಿದ ಮೇಲೆ ಕಿವಿಗೂ ಕಣ್ಣಿಗೂ ಒಂದೇ ಆದವು. ನೀರೇ ಬೀಳದ ಬಾವಿಯನ್ನೂ ವೆಲ್ ಎಂದೇ ಕರೆಯಬೇಕಾಗಿದೆ!

ಗಾಡಿಯ ಹಿಂದೆಯೇ ಇನ್ನಷ್ಟು ಪದಗಳು ಊರೊಳಕ್ಕೆ ಬಂದವು. ಮಣ್ಣು ಕುಸಿಯದಿರಲೆಂದು ಇಳಿಸುವ ಪೈಪಿಗೆ ಕೇಸಿಂಗ್. ಅದರಲ್ಲಿರುವ ಕೇಸ್, ಪೆಟ್ಟಿಗೆ ಎಂಬರ್ಥದ ಲ್ಯಾಟಿನ್ 'ಕಾಪ್ಸ'ದಿಂದ ಇಳಿದದ್ದು, ಸೂಟ್‌ಕೇಸಿನಲ್ಲಿರುವುದೂ ಅದೇ. ಪಕ್ಕದ ಹೊಲದವನು ತನ್ನ ಬೋರು ಬತ್ತಿತೆಂದು ಹಾಕುವ ಕೇಸ್ ಮಾತ್ರ ಬೇರೆ. ಅದು ಬೀಳು, ಸಂಭವಿಸು ಎಂಬರ್ಥದ ಲ್ಯಾಟಿನ್ 'ಕಾಸುಸ್' ವಂಶದ್ದು. ಮಧುಗಿರಿ ಕೋರ್ಟಿಗೆ ಅಲೆಯುವವರಾಗಲಿ, ಆಸ್ಪತ್ರೆಯಲ್ಲಿ 'ಸೀರಿಯಸ್ ಕೇಸು' ಎಂಬ ಮಾತು ಕೇಳಿ ಬೆಚ್ಚಿದವರಾಗಲಿ ಬಳಸುವುದು ಈ ಎರಡನೆಯದನ್ನು. ಕೇಸು ಬಂದ ಮೇಲೆ ಫೈಲು ಬರಲೇಬೇಕು. ಕಚೇರಿಯ ಫೈಲಿನ ಮೂಲ ದಾರ. ಹಿಂದೆ ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ಇಡುತ್ತಿದ್ದರು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಉಜ್ಜುವ ಅರಕ್ಕೂ ಇಂಗ್ಲಿಷಿನಲ್ಲಿ ಫೈಲ್ ಎಂದೇ ಹೆಸರು, ಆದರೆ ಅದಕ್ಕೆ ದಾರದ ಸೋಂಕಿಲ್ಲ. ತಾಲೂಕು ಕಚೇರಿಯ ಫೈಲೂ ಜನರನ್ನು ಅರದಂತೆಯೇ ಸವೆಸುತ್ತದೆ ಎನ್ನುವವರಿದ್ದಾರೆ. ಅದು ಅನುಭವದ ಮಾತು, ನಿಘಂಟಿನದಲ್ಲ.

ನೀರು ಸಿಕ್ಕಿದರೆ ಪಂಪ್‌ಸೆಟ್. ಈ 'ಸೆಟ್' ಇಂಗ್ಲಿಷ್ ನಿಘಂಟುಗಳಲ್ಲೇ ಹೆಸರಾದ ಪದ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಇದರದೇ. ಕ್ರಿಯಾಪದಕ್ಕೆ 430 ಅರ್ಥಗಳು. ಆಮೇಲೆ ಪರಿಷ್ಕರಣೆಯಲ್ಲಿ 'ರನ್' ಇದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ಅದೊಂದೇ ಕ್ರಿಯಾಪದದ ಜೊತೆ ಒಂಬತ್ತು ತಿಂಗಳು ಕೂತು 645 ಅರ್ಥಗಳನ್ನು ಬಿಡಿಸಿಟ್ಟರು. ಸೆಟ್‌ನೊಳಗೂ ಎರಡು ನೀರು ಸೇರಿವೆ: ಕೂರಿಸು ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದ ಒಂದು ಕಡೆಯಿಂದ, ಪಂಗಡ ಎಂಬರ್ಥದಲ್ಲಿ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ 'ಸೆಕ್ಟ' ಇನ್ನೊಂದು ಕಡೆಯಿಂದ. ಕನ್ನಡಿಗರು ಅದಕ್ಕೆ ತಮ್ಮ ಪಾಲನ್ನೂ ಸೇರಿಸಿದ್ದಾರೆ. ಹೋಟೆಲಿನಲ್ಲಿ ಸೆಟ್ ದೋಸೆ, ಮದುವೆ ಮನೆಯಲ್ಲಿ ಬಳೆ ಸೆಟ್ಟು, ಜಗಳವಾಡಿಕೊಂಡ ಇಬ್ಬರು ಗೆಳೆಯರ ನಡುವೆ 'ನನಗೂ ಅವನಿಗೂ ಸೆಟ್ಟಾಗಲ್ಲ'.

ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿಕೊಳ್ಳಬೇಕು. ಒಂದೇ ಪದ ಬೆಳೆದು ಕೊಂಬೆಯೊಡೆದು ಹಲವು ಅರ್ಥಗಳನ್ನು ಹೊರುವುದು ಒಂದು ಬಗೆ. ಸಂಬಂಧವೇ ಇಲ್ಲದ ಎರಡು ಮೂರು ಪದಗಳು ಒಂದೇ ಉಚ್ಚಾರದಲ್ಲಿ ಬಂದು ಕೂಡುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಪಾವಗಡದ ಸೋಲಾರ್ ಪಾರ್ಕಿಗಿಂತ ಒಳ್ಳೆಯ ಉದಾಹರಣೆ ಬೇಡ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಈ ಪಾರ್ಕು 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಕೊಟ್ಟರು. ಪಾರ್ಕು ಎಂದ ಮೇಲೆ ಮರ, ಕಲ್ಲುಬೆಂಚು ಇರಬೇಕೆಂದು ಹೋದವನಿಗೆ ಸಿಗುವುದು ಬಿಸಿಲು. ಹಿಂದೆ ಇಂಗ್ಲೆಂಡಿನಲ್ಲಿ ರಾಜರು ಬೇಟೆಗೆಂದು ಬೇಲಿ ಹಾಕಿಸಿದ ಜಾಗವೇ ಪಾರ್ಕ್. ಬೇಲಿಯೊಂದನ್ನು ಉಳಿಸಿಕೊಂಡು ಅದು ಊರ ಉದ್ಯಾನವಾಯಿತು, ಗಾಡಿ ನಿಲ್ಲಿಸುವ ತಾಣವಾಯಿತು, ಈಗ ಕರೆಂಟು ತೆಗೆಯುವ ಬಯಲಾಗಿದೆ. ಅಲ್ಲಿ ನೆಟ್ಟಿರುವ ಫಲಕಗಳನ್ನು ಜನ ಪ್ಲೇಟು ಎನ್ನುತ್ತಾರೆ. ಹೋಟೆಲಿನ ಪ್ಲೇಟು, ಬೈಕಿನ ನಂಬರ್ ಪ್ಲೇಟು, ಮುರಿದ ಮೂಳೆಗೆ ಡಾಕ್ಟರು ಹಾಕುವ ಪ್ಲೇಟು, ಎಲ್ಲವೂ ಚಪ್ಪಟೆ ಎಂಬ ಒಂದೇ ಗುಣ ಹಿಡಿದು ಹೊರಟವು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪ್ಲಾಂಟು ಇದೆ ಎಂದರೆ ಇಂಗ್ಲಿಷಿನವನು ಕೊಂಚ ತಡವರಿಸಬಹುದು: ಗಿಡವೂ ಪ್ಲಾಂಟ್, ಸ್ಥಾವರವೂ ಪ್ಲಾಂಟ್. ನೆಟ್ಟದ್ದು ಎಂಬ ಅರ್ಥದಲ್ಲಿ ಎರಡೂ ಒಂದೇ ಮನೆಯವು.

ಬೋರ್, ವೆಲ್, ಕೇಸ್, ಫೈಲ್ ಹಾಗಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬಣ್ಣದ ಅಂಗಿ ಹಾಕಿ ನಿಂತ ಅಪರಿಚಿತರು ಅವು.

ಇಂಗ್ಲಿಷಿನಲ್ಲಿ ಇಂಥ ಅಪರಿಚಿತರು ಅಷ್ಟೊಂದು ಸೇರಿದ್ದು ಏಕೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಫ್ರೆಂಚು ಆಡಳಿತದ ಭಾಷೆಯಾಗಿ, ಸಾವಿರಾರು ಪದಗಳು ಒಳಗೆ ಬಂದವು. ಅದಕ್ಕೂ ಮುಂಚೆ ನಾರ್ಸ್ ಮಾತಾಡುವವರು ಬಂದು ನೆಲೆಸಿದ್ದರು. ಅದೇ ಕೆಲವು ಶತಮಾನಗಳಲ್ಲಿ ಹಳೆಯ ವಿಭಕ್ತಿ ಪ್ರತ್ಯಯಗಳೂ ಪದಾಂತ್ಯದ ಸ್ವರಗಳೂ ಸವೆದುಹೋದವು. ಪದಗಳು ಒಂದೇ ಉಸಿರಿನ ಗಾತ್ರಕ್ಕೆ ಇಳಿದವು. ಒಂದು ಉಸಿರಿಗೆ ಹಿಡಿಯುವ ಧ್ವನಿಗಳ ಜೋಡಣೆ ಎಷ್ಟೆಂದು ಇದ್ದೀತು? ಡಿಕ್ಕಿ ತಪ್ಪದು. ಇದರ ಇನ್ನೊಂದು ಮುಖವನ್ನು ಹಾರ್ವರ್ಡಿನ ಜಾರ್ಜ್ ಕಿಂಗ್ಸ್‌ಲಿ ಜಿಪ್ಫ್ 1945ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥ. ಹೆಚ್ಚು ಬಳಕೆಯಾಗುವ ಪದ ಚಿಕ್ಕದಾಗಿಯೇ ಇರುತ್ತದೆಂದು ಅವರು ಹತ್ತು ವರ್ಷ ಮೊದಲೇ ಹೇಳಿದ್ದರು. ಎರಡನ್ನೂ ಕೂಡಿಸಿದರೆ ಬಾಯಿಗೆ ಚಿಕ್ಕದು, ನಿಘಂಟಿನಲ್ಲಿ ದೊಡ್ಡದು.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆ ಈ ನಾಲ್ಕೂ ತಾಲೂಕುಗಳ ಮಕ್ಕಳಿಗೆ ಈ ತೊಡಕು ಶಾಲೆಯಲ್ಲೇ ಎದುರಾಗುತ್ತದೆ. ಪೆನ್ ಎಂದರೆ ಬರೆಯುವುದು; ಅದು ಎಲ್ಲರ ಜೇಬಿನಲ್ಲೂ ಇದೆ. ಇಂಗ್ಲಿಷ್ ಪಾಠದಲ್ಲಿ ಕುರಿಗಳು ರಾತ್ರಿ ಪೆನ್ನಿನೊಳಗೆ ಮಲಗಿದವು ಎಂದು ಬಂದರೆ ಏನು ಮಾಡುವುದು? ಬರೆಯುವ ಪೆನ್ನು ಗರಿ ಎಂಬರ್ಥದ ಲ್ಯಾಟಿನ್ 'ಪೆನ್ನ'ದಿಂದ ಬಂದದ್ದು, ಕುರಿಯ ಪೆನ್ನು ಇಂಗ್ಲಿಷಿನದೇ ಹಳೆಯ ಪದ. ಸಿರಾ, ಪಾವಗಡದ ಕಡೆ ಮೇಷ್ಟರು ಇದನ್ನು ತಿಳಿಸಲು ಚಿತ್ರ ಬರೆಯಬೇಕಾಗಿಲ್ಲ. 'ರೊಪ್ಪ ಕಣ್ರೋ' ಎಂದರೆ ಸಾಕು. ಮುಳ್ಳಿನ ಬೇಲಿ ಕಟ್ಟಿ ಕುರಿ ಕೂಡುವ ಆ ಜಾಗ ಅರ್ಧ ತರಗತಿಯ ಮನೆಯಂಗಳದಲ್ಲೇ ಇರುತ್ತದೆ. ಪಾವಗಡ ತಾಲೂಕಿನಲ್ಲಿ ರೊಪ್ಪ ಎಂಬ ಹೆಸರಿನ ಊರೇ ಇದೆ. ಬೆಂಗಳೂರಿನ ಮಗುವಿಗಿಂತ ಇಲ್ಲಿನ ಮಗುವಿಗೆ ಈ ಪಾಠ ಸುಲಭ ಎಂಬುದನ್ನು ಪಠ್ಯಪುಸ್ತಕ ಬರೆಯುವವರು ಗಮನಿಸಿದಂತಿಲ್ಲ.

ಯಾರ್ಡ್ ಎಂಬುದರ ಕಥೆ ಇನ್ನೂ ಸೊಗಸು. ಕಡಲೆಕಾಯಿ, ಹುಣಸೆಹಣ್ಣು ಹೇರಿಕೊಂಡು ರೈತರು ಹೋಗುವ ಎಪಿಎಂಸಿ ಯಾರ್ಡು ಎಂದರೆ ಆವರಣ. ಮೂರು ಅಡಿಯ ಯಾರ್ಡು ಕೋಲು ಎಂಬರ್ಥದ ಬೇರೊಂದು ಪದದಿಂದ ಹುಟ್ಟಿದ್ದು. ಗೊಂದಲ ಬೇಡವೆಂದು ಅಳತೆಯ ಯಾರ್ಡಿಗೆ ಕನ್ನಡದಲ್ಲಿ ಗಜ ಎನ್ನೋಣವೆಂದರೆ ಅಲ್ಲೂ ಆನೆ ಬಂದು ನಿಲ್ಲುತ್ತದೆ. ಬಟ್ಟೆ ಅಳೆಯುವ ಗಜ ಪಾರ್ಸಿಯ 'ಗಜ್', ದೇವಸ್ಥಾನದ ಗಜ ಸಂಸ್ಕೃತದ್ದು. ಕನ್ನಡಕ್ಕೆ ಎರಡೂ ಹೊರಗಿನವು. ಜವಳಿ ಅಂಗಡಿಯಲ್ಲಿ ಎರಡು ಗಜ ಎಂದವನಿಗೆ ಯಾರೂ ಆನೆ ಕೊಟ್ಟದ್ದಿಲ್ಲ.

ಇಂಗ್ಲಿಷ್ ಪದ ಕನ್ನಡಕ್ಕೆ ಬಂದಾಗ ಕೊನೆಗೊಂದು ಉಕಾರ ಹಚ್ಚಿಸಿಕೊಳ್ಳುತ್ತದೆ. ಅದರಿಂದ ಹೊಸ ಡಿಕ್ಕಿಗಳೂ ಆಗುತ್ತವೆ. ಇಂಗ್ಲಿಷಿನ ಬಿಲ್ ಆಗಲೇ ಮೂರು ಪದ: ಲ್ಯಾಟಿನ್ ಮುದ್ರೆಯಿಂದ ಹೊರಟ ಲೆಕ್ಕದ ಚೀಟಿ, ಹಕ್ಕಿಯ ಕೊಕ್ಕು, ಹಿಂದಿನ ಕಾಲದ ಕೊಕ್ಕೆಯಂಥ ಒಂದು ಆಯುಧ. ಸಿರಾ ತಾಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಲು ಬಂದ ಇಂಗ್ಲಿಷಿನವನು ಅವುಗಳ ಹಳದಿ 'ಬಿಲ್' ನೋಡಿ ಮೆಚ್ಚಿದರೆ, ಪಕ್ಕದಲ್ಲಿ ನಿಂತ ರೈತನಿಗೆ ನೆನಪಾಗುವುದು ಬೆಸ್ಕಾಂ. ಕನ್ನಡದಲ್ಲಿ ಅದು ಬಿಲ್ಲು ಆದಕೂಡಲೇ ರಾಮನ ಕೈಯ ಬಿಲ್ಲೂ ಬಂದು ಸೇರಿತು. ಜೊತೆಗೆ ಕಟ್ಟು ಎಂಬ ನಮ್ಮದೇ ಕ್ರಿಯಾಪದ. ದನ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಕೆರೆ ಕಟ್ಟುತ್ತೇವೆ, ಬಿಲ್ಲೂ ಕಟ್ಟುತ್ತೇವೆ. ಬಿಗಿಯುವುದು ಎಂಬ ಒಂದೇ ಬೇರಿನಿಂದ ಇಷ್ಟೂ ಚಿಗುರಿವೆ. ಅದರ ಪಕ್ಕಕ್ಕೆ ಇಂಗ್ಲಿಷಿನ ಕಟ್ ಬಂದು ಕೂತು ತದ್ವಿರುದ್ಧ ಕೆಲಸ ಮಾಡುತ್ತಿದೆ. ಬಿಲ್ಲು ಕಟ್ಟದಿದ್ದರೆ ಲೈನ್ ಕಟ್ಟು. ಆದರೂ ಈ ವಾಕ್ಯ ಯಾರಿಗೂ ತಪ್ಪಾಗಿ ಕೇಳಿಸಲಾರದು.

ಕನ್ನಡ ಈ ವಿಷಯದಲ್ಲಿ ಇಂಗ್ಲಿಷಿನಿಂದ ಕಲಿಯಬೇಕಾದ್ದೇನೂ ಇಲ್ಲ. ಮಧುಗಿರಿಯ ಬೆಟ್ಟದ ಬುಡದಲ್ಲಿ 'ಹತ್ತು ಜನ ಹತ್ತಿದರು' ಎನ್ನುವಾಗ ಎಣಿಕೆಯ ಹತ್ತೂ ಏರುವ ಹತ್ತೂ ಅಕ್ಕಪಕ್ಕ ಬರುತ್ತವೆ. ಹಳಗನ್ನಡದಲ್ಲೂ ಎರಡೂ 'ಪತ್ತು' ಆಗಿಯೇ ಇದ್ದವು. ಬೇರೆ ಕೆಲವು ಜೋಡಿಗಳು ಮೊದಲು ಬೇರೆಯಾಗಿದ್ದು, ಅಕ್ಷರ ಕಳೆದುಕೊಂಡು ಒಂದಾದವು. ಹಳಗನ್ನಡಕ್ಕೆ ಱ ಮತ್ತು ೞ ಎಂಬ ಎರಡು ಹೆಚ್ಚಿನ ವ್ಯಂಜನಗಳಿದ್ದವು. ಬದುಕುವ ಬಾಳು 'ಬಾೞ್', ಕತ್ತಿಯ ಬಾಳು 'ಬಾಳ್'. ಕೂಗಿ ಕರೆಯುವುದು 'ಕರೆ', ಹಾಲು ಕರೆಯುವುದು 'ಕಱೆ'. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವ ಹೊತ್ತಿಗೆ ೞ ಬರುವ ಪದಗಳು ಯಾವುವೆಂದು ಪಟ್ಟಿಮಾಡಿ ಕವಿಗಳಿಗೆ ತಿಳಿಸಬೇಕಾಗಿತ್ತು. ಆಡುಮಾತು ಅದನ್ನು ಬಿಟ್ಟುಕೊಟ್ಟಾಗಿತ್ತು. ಇವತ್ತು ಹಸುವನ್ನು ಕರೆದರು ಎಂದರೆ ಕೂಗಿದರೋ ಹಾಲು ಹಿಂಡಿದರೋ ಎಂಬುದನ್ನು ಚೊಂಬು ನೋಡಿ ತಿಳಿಯಬೇಕು.

ಹೀಗೆ ಒಂದೇ ರೂಪದಲ್ಲಿ ನಿಂತವನ್ನು ಬಿಡಿಸುವ ಕೆಲಸ ಈ ನಾಡಿನಲ್ಲಿ ಹಳೆಯದು. ಅಮರಕೋಶದಲ್ಲಿ ನಾನಾರ್ಥವರ್ಗವೇ ಇದೆ. ಅಲ್ಲಿ ಹರಿ ಎಂಬ ಎರಡಕ್ಷರಕ್ಕೆ ವಿಷ್ಣು, ಇಂದ್ರ, ಸೂರ್ಯ, ಚಂದ್ರ, ಸಿಂಹ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ ಎಲ್ಲರೂ ಪಾಲುದಾರರು. ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿದ ನಾಗವರ್ಮನ ಅಭಿಧಾನ ವಸ್ತುಕೋಶವೂ ನಾನಾರ್ಥಕ್ಕೆ ಒಂದು ಕಾಂಡವನ್ನೇ ಮೀಸಲಿಟ್ಟಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲ್ ಕೋಶದಲ್ಲಿ ಅಪರಿಚಿತರಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟು ಬೇರೆ ಬೇರೆ ನಮೂದು ಮಾಡಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ, ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂಶಯಗಳಿಗೆ ಉತ್ತರ ಕೊಟ್ಟ ಜಿ. ವೆಂಕಟಸುಬ್ಬಯ್ಯನವರು ಬಾಲ್ಯದಲ್ಲಿ ಶಾಲೆ ಕಲಿತದ್ದು ಬನ್ನೂರಿನಲ್ಲಿ ಮತ್ತು ಮಧುಗಿರಿಯಲ್ಲಿ. ತಂದೆಗೆ ವರ್ಗವಾದಲ್ಲೆಲ್ಲ ಮಗನ ಶಾಲೆಯೂ ಬದಲಾಗುತ್ತಿತ್ತು. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಅವರು ಒಂದು ಪದವನ್ನು ಕೇಳಿದರೆ ಅದರ ಅಜ್ಜ ಮುತ್ತಜ್ಜನವರೆಗೂ ಹೋಗಿ ಬರುತ್ತಿದ್ದರು.

ಅವರು ಕಲಿತ ಮಧುಗಿರಿಯ ಹೆಸರನ್ನೇ ನೋಡಬಹುದು. ಮಧು ಎಂದರೆ ಜೇನು, ಮದ್ಯ, ವಸಂತ, ಚೈತ್ರಮಾಸ. ವಿಷ್ಣು ಕೊಂದ ಒಬ್ಬ ರಾಕ್ಷಸ ಕೂಡ. ಇಂಗ್ಲಿಷಿನಲ್ಲಿ ಜೇನಿನ ಮದ್ಯಕ್ಕಿರುವ 'ಮೀಡ್' ಎಂಬ ಹೆಸರು ಈ ಮಧುವಿನ ದೂರದ ದಾಯಾದಿ, ಹುಲ್ಲುಗಾವಲಿಗಿರುವ 'ಮೀಡ್' ಅಲ್ಲ. ಹಳೆಯ ದಾಖಲೆಗಳಲ್ಲಿ ಊರು ಮದ್ದಗಿರಿ. ಮದ್ದು ಎಂದರೆ ಔಷಧಿ, ಮದ್ದು ಎಂದರೆ ಕೋವಿಗೆ ತುಂಬುವ ಪುಡಿ. ಕೋಟೆಯಿರುವ ಊರಿಗೆ ಎರಡೂ ಬೇಕಾಗಿದ್ದವು.

ಸಿರಾ ಎಂದೂ ಶಿರಾ ಎಂದೂ ಬೋರ್ಡುಗಳಲ್ಲಿ ಕಾಣುವ ಊರು ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಶಿರ ಎಂದರೆ ತಲೆ. ಧಾರವಾಡದ ಕಡೆಯವರಿಗೆ ಶಿರಾ ಎಂದರೆ ರವೆಯ ಸಿಹಿ. ಸಂಸ್ಕೃತದಲ್ಲಿ ಸಿರಾ ಅಥವಾ ಶಿರಾ ಎಂದರೆ ರಕ್ತನಾಳ. ಈ ಮೂರನೆಯದು ಬೋರ್‌ವೆಲ್ಲಿನವರಿಗೆ ಸಂಬಂಧಪಟ್ಟದ್ದು. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಒಂದು ಅಧ್ಯಾಯದಲ್ಲಿ ನೆಲದೊಳಗಿನ ನೀರಿನ ಹರಿವನ್ನು ಮೈಯೊಳಗಿನ ನಾಳಗಳಿಗೆ ಹೋಲಿಸಿ ಶಿರಾ ಎನ್ನುತ್ತಾನೆ. ಎಂಥ ಮರ, ಎಂಥ ಹುತ್ತ ಇದ್ದಲ್ಲಿ ಎಷ್ಟು ಆಳಕ್ಕೆ ಅದು ಸಿಗುತ್ತದೆಂದು ಪಟ್ಟಿ ಕೊಡುತ್ತಾನೆ. ತೆಂಗಿನಕಾಯಿ ಹಿಡಿದು ಪಾಯಿಂಟು ತೋರಿಸುವವರು ಹುಡುಕುವ 'ಸೆಲೆ' ಇದೇ. ಊರಿನ ಹೆಸರಿಗೂ ಇದಕ್ಕೂ ಗಂಟು ಹಾಕಲು ಮಾತ್ರ ಆಧಾರವಿಲ್ಲ.

ಕೊರಟಗೆರೆಯಲ್ಲಿರುವುದು ಕೆರೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಂತೆ ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿ ಕೆರೆ ಗೆರೆಯಾಯಿತು, ಸ್ಲೇಟಿನ ಮೇಲೆ ಎಳೆಯುವ ಗೆರೆಯಂತೆಯೇ ಕೇಳಿಸತೊಡಗಿತು. ಕೆರೆ ಎಂದರೆ ತುರಿಸಿಕೊಳ್ಳುವುದೂ ಹೌದು ಎಂಬುದನ್ನು ಶಾಲೆಯ ಮಕ್ಕಳು ನೆನಪಿಸದೆ ಬಿಡುವುದಿಲ್ಲ.

ಇನ್ನು ಪಾವಗಡ. ಹಳಗನ್ನಡದ ಪಾವು ಇವತ್ತಿನ ಹಾವು. ಊರಿನ ಹೆಸರಿಗೆ ಹಾವಿನ ಬೆಟ್ಟ ಎಂದೇ ಅರ್ಥ ಹೇಳುತ್ತಾರ‍ೆ. ಆದರೆ ಅಡುಗೆಮನೆಯಲ್ಲಿ ಪಾವು ಎಂದರೆ ಸೇರಿನ ಕಾಲು ಭಾಗ, ನಾಲ್ಕು ಚಟಾಕು. ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ ಪಾವ್ ಎಂದರೆ ಭಾಜಿಯ ಜೊತೆಗಿನ ಬನ್ನು, ಪೋರ್ಚುಗೀಸರ 'ಪಾಂವ್' ಎಂಬ ರೊಟ್ಟಿ. ಹಾವು, ಅಳತೆ, ರೊಟ್ಟಿ ಮೂರೂ ಒಂದೇ ಹೆಸರಿನಲ್ಲಿ.

ಪಾವಗಡದವರಿಗೆ ಇದೇನೂ ದೊಡ್ಡದಲ್ಲ. ಅವರ ಸುತ್ತ ಮೂರು ಕಡೆಯೂ ಆಂಧ್ರ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನಲ್ಲಿ ಎದ್ದು ಎಂದರೆ ಎತ್ತು. ಕನ್ನಡದಲ್ಲಿ ಎದ್ದು ಎಂದರೆ ಮಲಗಿದ್ದವನು ಮೇಲೆ ಬಂದು. ಕನ್ನಡದ ಎತ್ತು ಮತ್ತೆ ಎರಡು, ಪ್ರಾಣಿ ಒಂದು, ಮೇಲಕ್ಕೆ ಎತ್ತುವುದು ಒಂದು. ತೆಲುಗಿನ ಕಲ್ಲು ಹೆಂಡ, ಕನ್ನಡದ ಕಲ್ಲು ಬಂಡೆ. ತೆಲುಗಿನ ಪಾಲು ಹಾಲೂ ಹೌದು, ಭಾಗವೂ ಹೌದು. ಕನ್ನಡದಲ್ಲಿ ಭಾಗ ಮಾತ್ರ. ಡೈರಿಯ ಮುಂದೆ ಬೆಳಗ್ಗೆ ಕ್ಯಾನು ಹಿಡಿದು ನಿಂತವರು ಒಂದು ವಾಕ್ಯ ತೆಲುಗಿನಲ್ಲಿ, ಇನ್ನೊಂದು ಕನ್ನಡದಲ್ಲಿ ಆಡುತ್ತಾರೆ, ನಡುವೆ ಫ್ಯಾಟು, ಡಿಗ್ರಿ, ಬಿಲ್ಲು, ಬೋನಸ್ಸು ಎಂಬ ಇಂಗ್ಲಿಷು ಬರುತ್ತದೆ. ಪಾಲು ಎಷ್ಟು ಎಂಬ ಪ್ರಶ್ನೆಗೆ ಒಬ್ಬ ಲೀಟರಿನಲ್ಲಿ ಉತ್ತರ ಕೊಟ್ಟರೆ, ಅಣ್ಣತಮ್ಮಂದಿರ ಹಿಸ್ಸೆಯ ಜಗಳದಲ್ಲಿರುವ ಇನ್ನೊಬ್ಬ ಗುಂಟೆಯಲ್ಲಿ ಕೊಡುತ್ತಾನೆ. ಕೇಳಿದವರಿಗೆ ಬೇಕಾದದ್ದು ಯಾವುದೆಂದು ಇಬ್ಬರಿಗೂ ಗೊತ್ತೇ ಇರುತ್ತದೆ. ಗುಂಟೆಯ ಉತ್ತರ ಕೊಡುವುದು ಬಹುಪಾಲು ತಮಾಷೆಗೆ.